ಘಾಟಿಯ ಹಾದಿಯಲ್ಲಿ ಬಾಶೆಟ್ಟಿಹಳ್ಳಿ

ಬೆಂಗಳೂರಿನಿಂದ ಉತ್ತರಾಭಿಮುಖವಾಗಿ ಹೊರಟು, ಯಲಹಂಕವನ್ನು ಹಿಂದಿಕ್ಕಿ, ಹಿಂದೂಪುರದ ಹೆದ್ದಾರಿಯನ್ನು ಹಿಡಿದ ಪ್ರಯಾಣಿಕನಿಗೆ, ದೊಡ್ಡಬಳ್ಳಾಪುರವನ್ನು ಮುಟ್ಟುವುದಕ್ಕೆ ಕೆಲವೇ ಕಿಲೋಮೀಟರುಗಳಿರುವಾಗ ಬಾಶೆಟ್ಟಿಹಳ್ಳಿ ಎಂಬ ಊರು ಸಿಗುತ್ತದೆ. ಆದರೆ ಆ ಊರನ್ನು ನೋಡಲೆಂದೇ ಹೊರಟವರು ವಿರಳ. ಈ ಹಾದಿಯಲ್ಲಿ ಸಾಗುವವರ ಪೈಕಿ ಕೆಲವರ ಚಿತ್ತವೆಲ್ಲ ಘಾಟಿ ಸುಬ್ರಹ್ಮಣ್ಯನ ಸನ್ನಿಧಿಯಲ್ಲಿ ನೆಟ್ಟಿರುತ್ತದೆ. ಕೆಲವರಿಗೆ ಮಾಕಳಿದುರ್ಗದ ಬೆಟ್ಟವನ್ನೇರುವ ಹುಮ್ಮಸ್ಸು. ಮನೆಯಲ್ಲಿ ಮದುವೆಯಿಟ್ಟುಕೊಂಡವರಿಗೆ ದೊಡ್ಡಬಳ್ಳಾಪುರದ ಮಗ್ಗದ ಸೀರೆಯ ಧ್ಯಾನ. ಬಾಶೆಟ್ಟಿಹಳ್ಳಿ ಎಲ್ಲರ ಹಾದಿಯಲ್ಲಿಯೂ ಇದೆ, ಪ್ರವಾಸಿಗಳಾರ ಗುರಿಯಲ್ಲಿಯೂ ಇಲ್ಲ. ಇಂಥ ಊರುಗಳ ಪರಿಚಯವಾಗುವುದು ಸಾಮಾನ್ಯವಾಗಿ ಗಾಡಿ ಕೆಟ್ಟು ನಿಂತಾಗಲೇ.

ಹಾದಿಯೇನೂ ಚರಿತ್ರೆಯಿಲ್ಲದ್ದಲ್ಲ. ಯಲಹಂಕ ನಾಡಪ್ರಭುಗಳ ನೆಲೆ; 1537ರಲ್ಲಿ ಬೆಂಗಳೂರನ್ನು ಕಟ್ಟಿಸಿದ ಕೆಂಪೇಗೌಡರು ಆ ವಂಶದವರು. ಅದೇ ಯಲಹಂಕದ ವಾಯುನೆಲೆಯಲ್ಲಿ 1996ರಿಂದ ವೈಮಾನಿಕ ಪ್ರದರ್ಶನಗಳು ನಡೆಯುತ್ತ ಬಂದಿವೆ. ಅಲ್ಲಿಯೇ 1984ರಲ್ಲಿ ಆರಂಭವಾದ ರೈಲು ಗಾಲಿ ಕಾರ್ಖಾನೆಯೂ ಇದೆ. ಸವೆದು ಮೂಲೆಗೆ ಬಿದ್ದ ಗಾಲಿಗಳೂ ಇತರ ಗುಜರಿ ಕಬ್ಬಿಣವೂ ಆ ಕಾರ್ಖಾನೆಯ ವಿದ್ಯುತ್ ಕುಲುಮೆಗಳಲ್ಲಿ ಕರಗಿ, ಹೊಸ ಗಾಲಿಗಳಾಗಿ ಹೊರಬಂದು, ಮತ್ತೆ ಹಳಿಯ ಮೇಲೆ ಉರುಳುತ್ತವೆ. ಹಳೆಯದು ಪೂರ್ತಿಯಾಗಿ ಹಳೆಯದಾಗುವುದೇ ಇಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ?

ಯಲಹಂಕ ಕಳೆದ ಮೇಲೆ ರಾಜಾನುಕುಂಟೆ, ಆಮೇಲೆ ಮಾರಸಂದ್ರ. ಒಂದು ಕಾಲಕ್ಕೆ ರಸ್ತೆಯ ಇಕ್ಕೆಲಗಳಲ್ಲಿಯೂ ರಾಗಿಯ ಹೊಲ, ನೀಲಗಿರಿಯ ತೋಪು, ಅಲ್ಲಲ್ಲಿ ದ್ರಾಕ್ಷಿಯ ಚಪ್ಪರ ಕಣ್ಣಿಗೆ ಬೀಳುತ್ತಿದ್ದುವು. ಈಗಲೂ ಅವು ಪೂರ್ತಿ ಮರೆಯಾಗಿಲ್ಲ. ಆದರೆ ಹೊಲಗಳ ನಡುವೆ ನಿವೇಶನದ ಗುರುತುಕಲ್ಲುಗಳು ಹೆಚ್ಚು ಹೆಚ್ಚಾಗಿ ತಲೆಯೆತ್ತಿವೆ. ಬಾಶೆಟ್ಟಿಹಳ್ಳಿಯನ್ನು ಸಮೀಪಿಸುತ್ತಿದ್ದಂತೆ ನೋಟವೇ ಬದಲಾಗುತ್ತದೆ. ಉದ್ದನೆಯ ಕಾಂಪೌಂಡ್ ಗೋಡೆಗಳು, ತಗಡು ಮಾಡಿನ ಎತ್ತರದ ಕಟ್ಟಡಗಳು, ಸಾಲುಗಟ್ಟಿ ನಿಂತ ಲಾರಿಗಳು, ಪಾಳಿಯ ಕೆಲಸಗಾರರನ್ನು ತುಂಬಿಕೊಂಡು ಬರುವ ಬಸ್ಸುಗಳು. ಊರಿನ ಹೆಸರಿನಲ್ಲಿರುವ ‘ಶೆಟ್ಟಿ’ ವರ್ತಕನನ್ನು ಸೂಚಿಸುವ ಪದ. ಇಂದು ಈ ಊರನ್ನು ಪೊರೆಯುತ್ತಿರುವುದು ವ್ಯಾಪಾರಕ್ಕಿಂತ ಮಿಗಿಲಾಗಿ ಕೈಗಾರಿಕಾ ಪ್ರದೇಶ. ಗ್ರಾಮ ಪಂಚಾಯಿತಿಯಾಗಿದ್ದುದು ಪಟ್ಟಣ ಪಂಚಾಯಿತಿಯಾಗಿ ಬಡ್ತಿ ಪಡೆದಿದೆ. ಉತ್ತರ ಕರ್ನಾಟಕದಿಂದ ಬಂದವರು, ಒಡಿಶಾ ಬಿಹಾರಗಳಿಂದ ಬಂದವರು ವಠಾರದ ಒಂದೊಂದು ಕೊಠಡಿಯಲ್ಲಿ ಮೂವರು ನಾಲ್ವರಂತೆ ನೆಲೆಸಿದ್ದಾರೆ. ಅವರನ್ನು ನೆಚ್ಚಿಕೊಂಡು ರಸ್ತೆಯ ಬದಿಯಲ್ಲಿ ಚಹದಂಗಡಿ, ಪಂಕ್ಚರ್ ಅಂಗಡಿ, ವೆಲ್ಡಿಂಗ್ ಅಂಗಡಿಗಳ ಸಾಲು ಬೆಳೆದಿದೆ.

ಕಳೆದ ಪುಷ್ಯಮಾಸದ ಒಂದು ಮುಂಜಾನೆ, ಮಲ್ಲೇಶ್ವರದ ಒಂದು ಸಂಸಾರ ಈ ಹಾದಿಯಲ್ಲಿ ಘಾಟಿಗೆ ಹೊರಟಿತ್ತು. ಕಾರು ನಡೆಸುತ್ತಿದ್ದವರು ನಲವತ್ತೈದರ ಆಸುಪಾಸಿನ ಯಜಮಾನರು, ಒಂದು ಕಚೇರಿಯಲ್ಲಿ ಗುಮಾಸ್ತರು. ಅವರ ಪಕ್ಕದಲ್ಲಿ ಎಪ್ಪತ್ತು ದಾಟಿದ ತಾಯಿ. ಹಿಂದಿನ ಆಸನದಲ್ಲಿ ಗೃಹಿಣಿ, ಒಂಬತ್ತು ವರ್ಷದ ಮಗಳು, ಐದು ವರ್ಷದ ಮಗ. ಮೊಮ್ಮಗ ಹುಟ್ಟಿದಾಗ ಅಜ್ಜಿ ಹೊತ್ತ ಹರಕೆಯೊಂದು ತೀರದೆ ಉಳಿದಿತ್ತು. ಘಾಟಿಯಲ್ಲಿ ದನಗಳ ಜಾತ್ರೆ ಕೂಡುವ ಕಾಲ. ಮಕ್ಕಳಿಗೆ ಎತ್ತುಗಳನ್ನು ತೋರಿಸಿದಂತೆಯೂ ಆಯಿತು ಎಂದು ಎಲ್ಲರೂ ನಸುಕಿನಲ್ಲಿಯೇ ಎದ್ದು ಸಿದ್ಧರಾಗಿದ್ದರು.

ಗಾಡಿ, ಮನೆಯ ಹಿರಿಯರು 2003ರಲ್ಲಿ ತಮ್ಮ ಭವಿಷ್ಯನಿಧಿಯ ಹಣದಿಂದ ಕೊಂಡ ಬಿಳಿಯ ಮಾರುತಿ 800. ಆ ಗಾಡಿಯ ಕಥೆಯೆಂದರೆ ನಾಡಿನ ಮಧ್ಯಮವರ್ಗದ ಕಥೆಯೇ ಎಂದರೆ ಅತಿಶಯೋಕ್ತಿಯಾಗಲಾರದು. 1983ರ ಡಿಸೆಂಬರ್ 14ರಂದು ಮೊದಲ ಗಾಡಿಯ ಕೀಲಿಕೈಯನ್ನು ಕೊಟ್ಟವರು ಅಂದಿನ ಪ್ರಧಾನಿ ಇಂದಿರಾ ಗಾಂಧಿ. ಅಲ್ಲಿಂದ ಮುಂದೆ 2014ರ ಜನವರಿಯಲ್ಲಿ ತಯಾರಿಕೆ ನಿಲ್ಲುವವರೆಗೆ, ಈ ದೇಶದಲ್ಲಿಯೇ ಇಪ್ಪತ್ತೈದು ಲಕ್ಷಕ್ಕೂ ಮೀರಿ ಗಾಡಿಗಳು ಮನೆಗಳ ಮುಂದೆ ಬಂದು ನಿಂತುವು. ಬೆಂಗಳೂರಿನಲ್ಲಿ 2010ರಲ್ಲಿಯೇ, ಹೊಗೆಯ ಹೊಸ ನಿಯಮಗಳು ಜಾರಿಗೆ ಬಂದಾಗ, ಇದರ ಮಾರಾಟ ಕೊನೆಗೊಂಡಿತ್ತು. ಈ ಸಂಸಾರದ ಹಿರಿಯರು ತೀರಿಕೊಂಡು ವರ್ಷಗಳಾಗಿದ್ದುವು. ಗಾಡಿಯ ಮುಂಭಾಗದಲ್ಲಿ ಅವರು ಅಂಟಿಸಿದ್ದ ಪುಟ್ಟ ಗಣಪತಿ ಮಾತ್ರ ಹಾಗೆಯೇ ಇದ್ದ.

ಮಗನಿಗೆ ಗಾಡಿ ಸಾಕಾಗಿತ್ತು. ಹದಿನೈದು ವರ್ಷ ತುಂಬಿದ ಸ್ವಂತ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕಷ್ಟೆ. 600 ರೂಪಾಯಿಗಳಿದ್ದ ಆ ಶುಲ್ಕ 2022ರ ಏಪ್ರಿಲಿನಿಂದ 5,000 ಆಯಿತು. ಇಪ್ಪತ್ತು ವರ್ಷ ಮೀರಿದ ಕಾರುಗಳಿಗೆ 2025ರ ಆಗಸ್ಟಿನಲ್ಲಿ 10,000ಕ್ಕೆ ಏರಿತು. ಇವರ ಕಾಗದಪತ್ರ 2028ರವರೆಗೆ ಸರಿಯಾಗಿದ್ದರೂ, ಅಷ್ಟು ಕಾಲ ಇದನ್ನು ಇಟ್ಟುಕೊಳ್ಳುವ ಇಚ್ಛೆ ಅವರಿಗಿರಲಿಲ್ಲ. ಘಾಟಿಯ ಹರಕೆ ತೀರಿದ ವಾರದಲ್ಲಿಯೇ ಗಾಡಿ ಗುಜರಿಗೆ ಎಂದು ಮನಸ್ಸಿನಲ್ಲಿ ನಿಶ್ಚಯಿಸಿ, ಹೆಂಡತಿಗೆ ಹೇಳಿ, ತಾಯಿಗೆ ಹೇಳದೆ ಉಳಿದಿದ್ದರು. ತಾಯಿಗೆ ಗೊತ್ತಿತ್ತೋ ಇಲ್ಲವೋ, ಅವರೂ ಕೇಳಿರಲಿಲ್ಲ.

ಹೆಬ್ಬಾಳದ ಮೇಲುಸೇತುವೆಯನ್ನು ದಾಟುವಾಗಲೇ ಗಾಡಿಯ ಅಡಿಯಿಂದ ಗುಡುಗಿನಂಥ ಸದ್ದು ಎದ್ದಿತು. ಚಿಕ್ಕವನಿಗೆ ಆನಂದವೋ ಆನಂದ.

“ಅಪ್ಪಾ, ನಮ್ಮ ಕಾರು ಬುಲೆಟ್ ಆಗ್ಬಿಟ್ಟಿದೆ!”

ತಿಂಗಳ ಹಿಂದೆಯೂ ಇದೇ ಸದ್ದು ಬಂದಿತ್ತು. ಆಗ ನಗರದ ಯಾರೋ ಒಬ್ಬ ಕೆಲಸಗಾರ ತೂತು ಬಿದ್ದ ಜಾಗಕ್ಕೆ ತಗಡು ಸುತ್ತಿ, ತಂತಿ ಬಿಗಿದು ಕಳುಹಿಸಿದ್ದ. ‘ಒಂದು ದಿನದ ಪ್ರಯಾಣ, ಹೇಗೋ ನಡೆದೀತು’ ಎಂದುಕೊಂಡು ಯಜಮಾನರು ಮುಂದೆ ಸಾಗಿದರು. ಪುಷ್ಯದ ಚಳಿ, ಅಜ್ಜಿಗೆ ಕೆಮ್ಮು. ಆದ್ದರಿಂದ ಗಾಜುಗಳನ್ನೆಲ್ಲ ಏರಿಸಿದ್ದರು. ರಾಜಾನುಕುಂಟೆಯ ಬಳಿ ಮಗಳು, “ಅಮ್ಮ, ತಲೆ ನೋಯ್ತಿದೆ” ಎಂದಳು. ದರ್ಶನವಾಗುವವರೆಗೆ ಏನೂ ತಿನ್ನಕೂಡದೆಂದು ಅಜ್ಜಿಯ ಕಟ್ಟಳೆ. ಹಸಿವಿನ ತಲೆನೋವಿರಬೇಕೆಂದು ತಾಯಿ ಸಮಾಧಾನ ಹೇಳಿದರು. ಮಾರಸಂದ್ರದ ಹೊತ್ತಿಗೆ ಹುಡುಗಿ ತಾಯಿಯ ತೋಳಿಗೆ ಒರಗಿ ತೂಕಡಿಸತೊಡಗಿದ್ದಳು. ಬುಲೆಟ್ಟಿನ ಸದ್ದಿಗೆ ಕುಣಿಯುತ್ತಿದ್ದ ಹುಡುಗನೂ ಮಾತು ನಿಲ್ಲಿಸಿದ್ದ. ಮಕ್ಕಳಿಗೆ ನಿದ್ದೆ ಹತ್ತಿತೆಂದು ದೊಡ್ಡವರಿಗೆ ಸಮಾಧಾನವೇ ಆಯಿತು.

ಬಾಶೆಟ್ಟಿಹಳ್ಳಿಯಲ್ಲಿ ರಸ್ತೆಯ ಉಬ್ಬೊಂದನ್ನು ಹತ್ತಿ ಇಳಿಯುವಾಗ ಕಟ್ಟೆಂದು ಏನೋ ಮುರಿಯಿತು. ಕಬ್ಬಿಣ ಡಾಂಬರಿನ ಮೇಲೆ ಉಜ್ಜುವ ಕರ್ಕಶ ಧ್ವನಿ ಹಿಂದೆಯೇ ಬಂದಿತು. ಗಾಡಿ ನಿಂತದ್ದು ಹೆಸರಿನ ಹಲಗೆಯೂ ಇಲ್ಲದ ಒಂದು ತಗಡಿನ ಷೆಡ್ಡಿನ ಮುಂದೆ. ಐವತ್ತರ ವಯಸ್ಸಿನ ಮೇಸ್ತ್ರಿಯೊಬ್ಬ ಕೈಯ ಮಸಿಯನ್ನು ಬಟ್ಟೆಗೆ ಒರಸಿಕೊಳ್ಳುತ್ತ ಹೊರಬಂದ. ಗಾಡಿಯ ಅಡಿಗೆ ಅವನು ಬಗ್ಗಿ ನೋಡಲಿಲ್ಲ. ಹಿಂದಿನ ಆಸನದ ಕಡೆಗೆ ನೋಡಿದ.

“ಮೊದ್ಲು ಮಕ್ಕಳನ್ನ ಕೆಳಗಿಳಿಸಿ ಸಾರ್. ಗಾಡಿ ಆಮೇಲೆ ನೋಡೋಣ.”

“ಮಲಗಿವೆ, ಬಿಡಪ್ಪ” ಎಂದರು ಅಜ್ಜಿ.

“ಮಲಗಿಲ್ಲ ಅಜ್ಜಿ, ಹೊಗೆ ಕುಡಿದಿವೆ. ಇಳಿಸಿ.”

ಆ ಮಾತಿಗೆ ಎಲ್ಲರೂ ಬೆಚ್ಚಿದರು. ಮಕ್ಕಳನ್ನು ಎತ್ತಿ ಹೊರಗೆ ತಂದು, ಹೊಂಗೆಯ ಮರದ ಕೆಳಗೆ ಗಾಳಿಗೆ ಕೂರಿಸಿದರು. ಹುಡುಗಿ ಕಣ್ಣು ಬಿಟ್ಟಳು. ಹೆಸರು ಕೇಳಿದರೆ ಹೇಳಿದಳು. ತಲೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡಳು. ವಾಂತಿ ಬಂದರೆ, ಮಂಪರು ಇಳಿಯದಿದ್ದರೆ ಒಂದು ಕ್ಷಣವೂ ನಿಲ್ಲದೆ ದೊಡ್ಡಬಳ್ಳಾಪುರದ ಆಸ್ಪತ್ರೆಗೆ ಹೋಗಬೇಕೆಂದು ಹೇಳಿ, ಮೇಸ್ತ್ರಿ ಒಂದು ಆಟೋವನ್ನು ಹೇಳಿ ನಿಲ್ಲಿಸಿಯೇಬಿಟ್ಟ. ಮುಕ್ಕಾಲು ಗಂಟೆ ಕಳೆಯುವಷ್ಟರಲ್ಲಿ ಹುಡುಗನಿಗೆ ಎಂದಿನ ಚೇಷ್ಟೆ ಮರಳಿತು; ಹುಡುಗಿಯ ನೋವು ನಿಧಾನವಾಗಿ ಇಳಿಯಿತು. ಆದರೂ ತಾಯಿಯ ಮನಸ್ಸು ಒಪ್ಪದೆ, ಇಬ್ಬರನ್ನೂ ಆಟೋದಲ್ಲಿ ಕರೆದೊಯ್ದು ವೈದ್ಯರಿಗೆ ತೋರಿಸಿಕೊಂಡು ಬಂದರು. ಭಯವಿಲ್ಲವೆಂದರೂ, ಇನ್ನೊಂದು ಗಂಟೆ ಹಾಗೆಯೇ ಮುಚ್ಚಿದ ಗಾಡಿಯಲ್ಲಿ ಕುಳಿತಿದ್ದರೆ ತಾವು ಹೀಗೆ ಹೇಳುವಂತಿರಲಿಲ್ಲ ಎಂದು ವೈದ್ಯರು ಸೇರಿಸಿದರು.

ಇಲ್ಲಿ ವಾಚಕರು ಒಂದು ವಿಷಯವನ್ನು ಗಮನಿಸಬೇಕು. ಪೆಟ್ರೋಲು ಪೂರ್ತಿಯಾಗಿ ಉರಿಯದಾಗ ಇಂಗಾಲದ ಮಾನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿರುವ ಹಿಮೋಗ್ಲೋಬಿನ್ನು ಪ್ರಾಣವಾಯುವನ್ನು ಅಪ್ಪಿಕೊಳ್ಳುವುದಕ್ಕಿಂತ ಇನ್ನೂರು ಮಡಿಗೂ ಮಿಕ್ಕ ಬಲದಿಂದ ಈ ಅನಿಲವನ್ನು ಅಪ್ಪಿಕೊಳ್ಳುತ್ತದೆ. ಉಸಿರು ಆಡುತ್ತಲೇ ಇರುತ್ತದೆ, ಆದರೆ ಉಸಿರಿನ ಫಲ ದೇಹಕ್ಕೆ ದಕ್ಕುವುದಿಲ್ಲ. ಮೊದಲು ತಲೆನೋವು, ಅನಂತರ ತೂಕಡಿಕೆ. ಅದಕ್ಕೂ ಮುಂದಿನ ಹಂತವನ್ನು ಬರೆಯಬೇಕಾಗಿಲ್ಲ. ಮಕ್ಕಳು ಬೇಗ ಬೇಗ ಉಸಿರಾಡುವುದರಿಂದ ಅವರಿಗೇ ಮೊದಲು ತಟ್ಟುತ್ತದೆ. ಓಡುವ ಗಾಡಿಯ ಬೆನ್ನ ಹಿಂದೆ ಗಾಳಿಯ ಒತ್ತಡ ಕಡಮೆಯಿರುವುದರಿಂದ ಹೊಗೆ ಅಲ್ಲಿಯೇ ಸುಳಿಯುತ್ತದೆ. ಸಣ್ಣ ಸಂದು ಸಿಕ್ಕರೂ ಒಳಗೆ ಬರುತ್ತದೆ. ಮೇಸ್ತ್ರಿ ಹಿಂದಿನ ಆಸನದ ಕೆಳಗಿನ ಚಾಪೆಯನ್ನು ಎತ್ತಿ ತೋರಿಸಿದ. ನೆಲದ ತಗಡಿನಲ್ಲಿ ರಬ್ಬರಿನ ಬಿರಡೆಯೊಂದು ಎಂದೋ ಬಿದ್ದುಹೋಗಿ, ಹೆಬ್ಬೆರಳು ತೂರುವಷ್ಟು ತೂತು ತೆರೆದಿತ್ತು. ಸರಿಯಾಗಿ ಅದರ ಕೆಳಗೇ ಸೀಳಿದ ಕೊಳವೆ.

“ಸೈಲೆನ್ಸರ್ ಬಿದ್ದಿದ್ದೇ ಒಳ್ಳೇದಾಯ್ತು ಸಾರ್. ಬೀಳದೇ ಇದ್ದಿದ್ರೆ ನೀವು ನಿಲ್ಲಿಸ್ತಾನೇ ಇರ್ಲಿಲ್ಲ.”

“ಸುಬ್ರಹ್ಮಣ್ಯನೇ ನಿಲ್ಲಿಸಿದ” ಎಂದು ಅಜ್ಜಿ ಕೈಮುಗಿದರು.

“ಹಾಗೇ ಅಂತಿಟ್ಕೊಳ್ಳಿ ಅಜ್ಜಿ” ಎಂದ ಮೇಸ್ತ್ರಿ. “ತುಕ್ಕೂ ಸ್ವಲ್ಪ ಸಹಾಯ ಮಾಡಿದೆ.”

ಯಜಮಾನರ ಮುಖ ಬಿಳುಪೇರಿತ್ತು. ಆದರೂ ಮೊದಲೇ ಮಾಡಿಟ್ಟಿದ್ದ ಲೆಕ್ಕ ಅಷ್ಟು ಬೇಗ ಬಿಡುವುದೆ? ಸ್ವಲ್ಪ ಹೊತ್ತಾದ ಮೇಲೆ ಮೆಲುದನಿಯಲ್ಲಿ ಹೇಳಿದರು: “ಹೇಗಾದ್ರೂ ಮಾಡಿ ತಂತಿ ಕಟ್ಟಿ ಕೊಡಿ ಮೇಸ್ತ್ರಿ. ಮುಂದಿನ ವಾರ ಇದು ಗುಜರಿಗೆ ಹೋಗುತ್ತೆ. ಸುಮ್ನೆ ಯಾಕೆ ದುಡ್ಡು ಹಾಕೋದು?”

ಅಜ್ಜಿ ತಲೆಯೆತ್ತಿ ಮಗನನ್ನು ನೋಡಿದರು, ಮಾತನಾಡಲಿಲ್ಲ.

“ಘಾಟಿಗೆ ಹೋಗಿ ವಾಪಸ್ ಮನೆಗೆ ಹೋಗೋದು ಮುಂದಿನ ವಾರ ಅಲ್ವಲ್ಲ ಸಾರ್, ಇವತ್ತೇ” ಎಂದ ಮೇಸ್ತ್ರಿ. “ಮಕ್ಕಳು ಇದರಲ್ಲೇ ಕೂರ್ಬೇಕು.”

ಆ ಮೇಲೆ ಅವನು ಎಲ್ಲವನ್ನೂ ಬಿಡಿಸಿ ಹೇಳಿದ. ತಂತಿ ಕಟ್ಟುವುದು ಒಂದು ದಾರಿ. ಅದನ್ನು ತಿಂಗಳ ಹಿಂದೆಯೇ ಮಾಡಿ ನೋಡಿದ್ದಾಯಿತು. ತೇಪೆ ಹಾಕಿ ವೆಲ್ಡಿಂಗ್ ಮಾಡುವುದು ಇನ್ನೊಂದು. ಆದರೆ ಹಪ್ಪಳದಷ್ಟು ತೆಳುವಾದ ತಗಡು ಕಾವನ್ನು ತಾಳದು, ಒಂದು ತೂತು ಮುಚ್ಚುವಾಗ ಪಕ್ಕದಲ್ಲಿ ಮತ್ತೊಂದು ಬೀಳುತ್ತದೆ. ಎಲ್ಲವನ್ನೂ ಕಿತ್ತುಹಾಕಿ ಮುಂದಿನಿಂದ ಹಿಂದಿನವರೆಗೆ ಒಂದು ಬರಿಯ ಕೊಳವೆ ಹಾಕಿಕೊಡುವವರೂ ಇದ್ದಾರೆ. ಅಗ್ಗ, ಆದರೆ ಕಾನೂನಿಗೆ ವಿರುದ್ಧ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೆಯ ನಿಯಮದಂತೆ ಪ್ರತಿಯೊಂದು ಗಾಡಿಗೂ ಸೈಲೆನ್ಸರ್ ಇರಲೇಬೇಕು. ಉಳಿದದ್ದು ಒಂದೇ ದಾರಿ: ಕೆಟ್ಟದ್ದನ್ನು ಬಿಚ್ಚಿ ಹೊಸದನ್ನು ಕೂರಿಸುವುದು.

ಕೊಳವೆಯ ನಡುವೆ ಒಂದು ಉಬ್ಬಿದ ಡಬ್ಬಿಯಿತ್ತು. ಮೇಸ್ತ್ರಿ ಅದನ್ನು ಬೆರಳಿನಿಂದ ತಟ್ಟಿ, ಕಿವಿಗೊಟ್ಟು ಕೇಳಿದ. “ಇದು ಚೆನ್ನಾಗಿದೆ. ಇದನ್ನ ಮಾತ್ರ ಯಾರಿಗೂ ಬಿಚ್ಚಿ ಕೊಡ್ಬೇಡಿ ಸಾರ್. ಒಳಗಿರೋದನ್ನ ತೆಗೆದು ಮಾರ್ಕೊಂಡು, ಖಾಲಿ ಡಬ್ಬಿ ಹಾಕಿ ಕಳಿಸೋರಿದ್ದಾರೆ.”

ಅದೇ ಹೊಗೆಯನ್ನು ಶುದ್ಧಿಮಾಡುವ ಕ್ಯಾಟಲಿಟಿಕ್ ಕನ್ವರ್ಟರ್. ಅದರ ಒಳಗೆ ಜೇನುಹುಟ್ಟಿನಂತೆ ಸಣ್ಣ ಸಣ್ಣ ಕಂಡಿಗಳುಳ್ಳ ಪಿಂಗಾಣಿಯ ಗಟ್ಟಿ. ಆ ಕಂಡಿಗಳ ಗೋಡೆಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಎಂಬ ದುಬಾರಿ ಲೋಹಗಳ ತೆಳುವಾದ ಲೇಪ. ಕಾದಾಗ ಅದು ಮಾನಾಕ್ಸೈಡನ್ನು ಇಂಗಾಲದ ಡೈಆಕ್ಸೈಡಾಗಿ, ಉರಿಯದೆ ಉಳಿದ ಪೆಟ್ರೋಲಿನ ಅಂಶವನ್ನು ನೀರು ಮತ್ತು ಡೈಆಕ್ಸೈಡುಗಳಾಗಿ, ಸಾರಜನಕದ ಆಕ್ಸೈಡುಗಳನ್ನು ಸಾರಜನಕವಾಗಿ ಬದಲಿಸುತ್ತದೆ. ಸೀಸ ಬೆರೆತ ಪೆಟ್ರೋಲು ಇದಕ್ಕೆ ವಿಷ. ಆದುದರಿಂದಲೇ 1995ರ ಏಪ್ರಿಲಿನಲ್ಲಿ ದೇಶದ ನಾಲ್ಕು ಮಹಾನಗರಗಳಲ್ಲಿ ಹೊಸ ಕಾರುಗಳಿಗೆ ಇದನ್ನು ಕಡ್ಡಾಯ ಮಾಡಿದಾಗ ಸೀಸವಿಲ್ಲದ ಪೆಟ್ರೋಲನ್ನೂ ಒದಗಿಸಬೇಕಾಯಿತು. 2000ದ ಫೆಬ್ರವರಿಯಿಂದ ಸೀಸದ ಪೆಟ್ರೋಲು ದೇಶದಲ್ಲೆಲ್ಲ ನಿಂತಿತು.

ಯಜಮಾನರು ಒಮ್ಮೆ ಮಗಳ ಕಡೆಗೆ ನೋಡಿದರು. “ಹೊಸದೇ ಹಾಕಿ” ಎಂದರು.

ತಯಾರಿಕೆ ನಿಂತು ವರ್ಷಗಳಾದರೂ ಈ ಗಾಡಿಯ ಬಿಡಿಭಾಗಗಳಿಗೆ ಬರವಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹೊಸದು, ಶಿವಾಜಿನಗರದ ಗುಜರಿಯಲ್ಲಿ ಹಳೆಯದು. ಅಷ್ಟು ದೂರ ಹೋಗದೆ ದೊಡ್ಡಬಳ್ಳಾಪುರದ ಅಂಗಡಿಯಲ್ಲಿಯೇ ಸಿಕ್ಕಿತು. ಷೆಡ್ಡಿನ ಹುಡುಗ ಬೈಕಿನಲ್ಲಿ ಹೋದ. ಅಷ್ಟರಲ್ಲಿ ಪಾಳಿ ಬದಲಾಗುವ ಹೊತ್ತಾಗಿ, ಕೊರಳಿಗೆ ಗುರುತುಚೀಟಿ ತೂಗುಹಾಕಿಕೊಂಡ ಹೆಂಗಸರು ಗುಂಪುಗುಂಪಾಗಿ ರಸ್ತೆಯನ್ನು ತುಂಬಿದರು. ಬಟ್ಟೆಯ ಕಾರ್ಖಾನೆಯೊಂದರಲ್ಲಿ ಹೊಲಿಗೆಯ ಕೆಲಸ ಮಾಡುವಾಕೆಯೊಬ್ಬಳು ಮರದ ಕೆಳಗಿದ್ದ ಅಜ್ಜಿಯ ಹತ್ತಿರ ನಿಂತು, ಮಕ್ಕಳ ಸಂಗತಿಯನ್ನು ಕೇಳಿ, ತನ್ನ ಬುತ್ತಿಯಿಂದ ಒಂದು ಬಾಳೆಯಹಣ್ಣನ್ನು ಹುಡುಗಿಯ ಕೈಗಿಟ್ಟಳು. ದರ್ಶನದ ಕಟ್ಟಳೆಯನ್ನು ಮುರಿದು “ತಿನ್ನು ಮಗು” ಎಂದವರು ಅಜ್ಜಿಯೇ. ಆಕೆಯ ತೌರಿನವರು ದೊಡ್ಡಬಳ್ಳಾಪುರದ ನೇಕಾರರು. ಮಗ್ಗದ ಸದ್ದಿನಲ್ಲಿ ಹುಟ್ಟಿ ಬೆಳೆದವಳು. ಮಗ್ಗದ ಸಂಪಾದನೆ ಸಾಲದೆ ಕಾರ್ಖಾನೆ ಸೇರಿದ್ದಳು. “ಸದ್ದು ಅಭ್ಯಾಸ ಆಗ್ಬಿಡುತ್ತೆ ಅಮ್ಮ. ಅಭ್ಯಾಸ ಆದ್ಮೇಲೆ ಕೇಳ್ಸೋದೇ ಇಲ್ಲ” ಎಂದು ನಕ್ಕು ಬಸ್ಸಿಗೆ ಓಡಿದಳು.

ಚಹದಂಗಡಿಯ ಬೆಂಚಿನ ಮೇಲೆ ಕುಳಿತಿದ್ದ ರೈತರೊಬ್ಬರ ಮಾತು ಬೇರೆಯೇ ಆಗಿತ್ತು. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ಈ ಸೀಮೆಯ ಕೆರೆಗಳನ್ನು ತುಂಬಿಸುತ್ತ, 1894ರ ಹೆಸರಘಟ್ಟದ ಜಲಾಶಯಕ್ಕೂ 1933ರ ತಿಪ್ಪಗೊಂಡನಹಳ್ಳಿಯ ಜಲಾಶಯಕ್ಕೂ ಹರಿದು, ಬೆಂಗಳೂರಿಗೆ ಕುಡಿಯುವ ನೀರನ್ನು ಕೊಟ್ಟ ನದಿ. ಇಂದು ಇಲ್ಲಿನ ಕೆಳಪಾತ್ರದ ಕೆರೆಗಳಿಗೆ, ದೊಡ್ಡತುಮಕೂರು ಮುಂತಾದ ಊರುಗಳ ಕಡೆಗೆ, ಪಟ್ಟಣದ ಕೊಳಚೆಯೂ ಕೈಗಾರಿಕೆಯ ಕಲ್ಮಷವೂ ಹರಿದು, ಅಲ್ಲಿಯ ಜನ ವರ್ಷಗಳಿಂದ ಹೋರಾಡುತ್ತ ಬಂದಿದ್ದಾರೆ. “ಕೆಲಸಾನೂ ಇವೇ ಕೊಟ್ಟವು, ಸುಳ್ಳು ಹೇಳ್ಬಾರ್ದು” ಎಂದರು ರೈತರು. “ಆದ್ರೆ ಹಿಂದಿನಿಂದ ಬಿಡೋದನ್ನ ಯಾರೂ ನೋಡಲ್ಲ ಸ್ವಾಮಿ. ಕೆಳಗಿರೋನು ಕುಡೀಬೇಕು.” ಯಜಮಾನರು ಉತ್ತರವೇನೂ ಕೊಡದೆ ಚಹದ ಲೋಟವನ್ನು ಕೆಳಗಿಟ್ಟರು.

ಸಾಮಾನು ಬಂದಿತು. ಕೊಳವೆ ಪೂರ್ತಿ ತಣಿದಿತ್ತು. ಮೇಸ್ತ್ರಿ ಜಾಕಿಯನ್ನೊಂದೇ ನಂಬದೆ, ಗಾಡಿಯ ನಾಲ್ಕು ಕಡೆಗೂ ಕಬ್ಬಿಣದ ಕುದುರೆಗಳನ್ನು ಆಧಾರ ಕೊಟ್ಟು, ಅಲುಗಿಸಿ ನೋಡಿ, ಆಮೇಲೆ ಅಡಿಗೆ ಸೇರಿದ. ತುಕ್ಕು ಹಿಡಿದ ನಟ್ಟುಗಳಿಗೆ ಹುಡುಗ ಹೋಗುವಾಗಲೇ ಎಣ್ಣೆ ಬಿಟ್ಟಿದ್ದ. ಎರಡು ಬಿಚ್ಚಿದುವು, ಒಂದನ್ನು ಗರಗಸದಿಂದ ಕೊಯ್ಯಬೇಕಾಯಿತು. ಬೆಂಕಿಯ ಕೆಲಸ ಬೇಡವೆಂದ. ಪೆಟ್ರೋಲಿನ ತೊಟ್ಟಿ ಅಲ್ಲೇ ಮಗ್ಗುಲಲ್ಲಿದೆ. ಬಿಚ್ಚಿದ ಸೈಲೆನ್ಸರನ್ನು ನೆಲಕ್ಕೆ ಕುಟ್ಟಿದಾಗ ಒಂದು ಬೊಗಸೆ ಕೆಂಪು ಪುಡಿ ಸುರಿಯಿತು.

“ಇದು ಹೊರಗಿನ ನೀರಿಂದ ಹಾಳಾಗಿದ್ದಲ್ಲ ಸಾರ್, ಒಳಗಿಂದ. ನೀವು ಗಾಡೀನ ಸ್ಕೂಲಿಗೆ, ಮಾರ್ಕೆಟ್ಟಿಗೆ ಮಾತ್ರ ತೆಗೀತೀರಿ ಅಲ್ವಾ?”

ನಿಜವೇ ಆಗಿತ್ತು. ಒಂದು ಲೀಟರು ಪೆಟ್ರೋಲು ಉರಿದರೆ ಹೆಚ್ಚು ಕಡಮೆ ಒಂದು ಲೀಟರಿನಷ್ಟೇ ನೀರು ಆವಿಯಾಗಿ ಹುಟ್ಟುತ್ತದೆಂದರೆ ಅನೇಕರು ನಂಬಲಾರರು. ದೂರ ಓಡಿದರೆ ಕೊಳವೆ ಕಾದು ಆ ಆವಿಯೆಲ್ಲ ಹೊರಗೆ ಹೋಗುತ್ತದೆ. ಎರಡು ಮೂರು ಕಿಲೋಮೀಟರಿನ ಓಡಾಟದಲ್ಲಿ, ಎಲ್ಲಕ್ಕಿಂತ ಹಿಂದಿರುವ, ಎಲ್ಲಕ್ಕಿಂತ ತಂಪಾಗಿರುವ ಸೈಲೆನ್ಸರಿನಲ್ಲಿ ಅದು ನೀರಾಗಿ ನಿಂತು, ಹೊಗೆಯ ಆಮ್ಲವನ್ನು ಬೆರೆಸಿಕೊಂಡು, ಕಬ್ಬಿಣವನ್ನು ಒಳಗಿನಿಂದಲೇ ತಿನ್ನುತ್ತದೆ. ಹೊರಗೆ ಬಣ್ಣ ಮಾಸದಿದ್ದಾಗಲೇ ಒಳಗೆ ಜೀರ್ಣವಾಗಿರುತ್ತದೆ.

ಹೊಸ ಸೈಲೆನ್ಸರು ನೋಡಲು ಕರಿಯ ಕುಂಬಳಕಾಯಿಯ ಹಾಗೆ ಸಾಧುವಾಗಿ ಕಂಡರೂ ಅದರ ಕೆಲಸ ಸಾಮಾನ್ಯದ್ದಲ್ಲ. ಮೂರು ಸಿಲಿಂಡರಿನ ಈ ಎಂಜಿನ್ನು ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಸೆಕೆಂಡಿಗೆ 75 ಬಾರಿ ಬಿಸಿಯಾದ ಅನಿಲವನ್ನು ಸಿಡಿಸುತ್ತದೆ. ಒಂದೊಂದೂ ಒಂದು ಪಟಾಕಿ. ತೂತುಗಳುಳ್ಳ ನಾಳಗಳಲ್ಲಿಯೂ ಒಂದರ ಪಕ್ಕದ ಒಂದು ಕೋಣೆಗಳಲ್ಲಿಯೂ ಆ ಸದ್ದಿನ ಅಲೆಗಳು ಹೊಕ್ಕು, ಗೋಡೆಗೆ ತಾಗಿ, ಹಿಂದಿರುಗಿ, ಒಂದನ್ನೊಂದು ಅಡಗಿಸಿಕೊಳ್ಳುತ್ತವೆ. ಹೊರಗೆ ಬರುವುದು ಕೇವಲ ಒಂದು ನಿಟ್ಟುಸಿರು.

ಮೇಸ್ತ್ರಿ ಜೋಡಣೆಗಳಿಗೆಲ್ಲ ಹೊಸ ಪ್ಯಾಕಿಂಗ್ ಇಟ್ಟ. ಬಿರುಕು ಬಿಟ್ಟಿದ್ದ ತೂಗುರಬ್ಬರುಗಳನ್ನು ಬದಲಿಸಿದ. ಮೊದಲೇ ಬಿಗಿಯದೆ, ಎಲ್ಲವನ್ನೂ ಸಡಿಲವಾಗಿ ಕೂರಿಸಿ, ಕೊಳವೆ ಎಲ್ಲಿಯೂ ತಗಡಿಗೆ ತಾಗದಂತೆ ಹೊಂದಿಸಿ, ಆ ಮೇಲೆ ಮುಂದಿನಿಂದ ಹಿಂದಕ್ಕೆ ಒಂದೊಂದಾಗಿ ಪಾನಾ ಹಿಡಿದ. ನೆಲದ ತೂತಿಗೆ ಹೊಸ ಬಿರಡೆ ಬಿಗಿಯಿತು. ಎಂಜಿನ್ನು ನಡೆಸಿ, ದಪ್ಪ ಬಟ್ಟೆಯಿಂದ ಕೊಳವೆಯ ಬಾಯನ್ನು ಒಂದು ಗಳಿಗೆ ಅಮುಕಿ, ಜೋಡಣೆಗಳಲ್ಲಿ ಬುಸ್ಸೆಂಬ ಸದ್ದು ಬರುವುದೇ ಎಂದು ಆಲಿಸಿದ. ಹೊಸ ಲೋಹದ ಮೇಲಿನ ಎಣ್ಣೆ ಕಾದು ಸ್ವಲ್ಪ ಹೊಗೆಯಾಡಿತು. ಅದು ನಿಲ್ಲುವವರೆಗೆ ಮಕ್ಕಳನ್ನು ಹತ್ತಿರ ಬಿಡಲಿಲ್ಲ.

“ನೂರಿನ್ನೂರು ಕಿಲೋಮೀಟರ್ ಓಡಿದ್ಮೇಲೆ ಒಂದ್ಸಲ ನಟ್ಟು ಬಿಗಿ ಮಾಡಿಸಿ. ತಿಂಗಳಿಗೊಂದ್ಸಲ ದೂರ ಓಡ್ಸಿ.”

ಸಾಮಾನು, ಕೂಲಿ ಎಲ್ಲ ಸೇರಿ ಆದ ಹಣ, ಒಂದು ಒಳ್ಳೆಯ ಸೀರೆಯ ಬೆಲೆಯನ್ನು ಮೀರಲಿಲ್ಲ. ಯಜಮಾನರು ನೂರು ರೂಪಾಯಿ ಹೆಚ್ಚಿಗೆ ಕೊಡಹೋದಾಗ ಮೇಸ್ತ್ರಿ ಅದನ್ನು ಹಿಂದಿರುಗಿಸಿ, “ಘಾಟಿಲಿ ಹುಂಡಿಗೆ ಹಾಕಿ” ಎಂದ.

ಹೊರಡುವ ಮೊದಲು ಅಜ್ಜಿ ಹಳೆಯ ಸೈಲೆನ್ಸರಿನ ಬಳಿ ಒಂದು ಕ್ಷಣ ನಿಂತರು. “ಅವರಿದ್ದಾಗ ಹಾಕಿಸಿದ್ದು” ಎಂದರು. ಅದನ್ನು ಕೇಳಿ ಮಗ ಏನೋ ಹೇಳಬೇಕೆಂದು ಬಾಯಿ ತೆರೆದು, ಬಾಗಿಲು ತೆಗೆದು ತಾಯಿಯನ್ನು ಕೈಹಿಡಿದು ಕೂರಿಸಿದರು. ಗಾಜುಗಳನ್ನು ಅರ್ಧಕ್ಕೆ ಇಳಿಸಿದ್ದರು. ಅಜ್ಜಿ ಶಾಲನ್ನು ಕಿವಿಯವರೆಗೆ ಹೊದ್ದುಕೊಂಡರು, ಚಳಿಯ ಮಾತೆತ್ತಲಿಲ್ಲ.

ಗಾಡಿ ಮೆತ್ತಗೆ ಸಾಗಿತು. ದೊಡ್ಡಬಳ್ಳಾಪುರದ ಓಣಿಗಳಿಂದ ವಿದ್ಯುನ್ಮಗ್ಗಗಳ ಲಟಲಟ ಸದ್ದು ಕೇಳಿಬಂದಿತು. ಊರು ದಾಟಿದ ಮೇಲೆ ಜಾತ್ರೆಗೆ ಹೊರಟ ಜೋಡಿ ಎತ್ತುಗಳ ಕೊರಳಗಂಟೆ. ಬೆಳಗಿನ ಗುಡುಗಿನಲ್ಲಿ ಇವು ಯಾವುದೂ ಕಿವಿಗೆ ಬೀಳುವಂತಿರಲಿಲ್ಲ.

ಘಾಟಿಯ ಗರ್ಭಗುಡಿಯಲ್ಲಿ ಒಂದೇ ಶಿಲೆಯಲ್ಲಿ ಮುಂದೆ ಸುಬ್ರಹ್ಮಣ್ಯ, ಹಿಂದೆ ನರಸಿಂಹ. ಬೆನ್ನ ಕಡೆಯ ದೇವರನ್ನು ಭಕ್ತರು ಕಾಣಲೆಂದು ಹಿಂಬದಿಯಲ್ಲಿ ಒಂದು ಕನ್ನಡಿಯನ್ನಿಟ್ಟಿದ್ದಾರೆ. ಅಂದು ಮಗಳನ್ನು ಎತ್ತಿ ಹಿಡಿದು ಕನ್ನಡಿಯನ್ನು ತೋರಿಸಿದವರು ತಂದೆ. “ಹಿಂದೇನೂ ನೋಡ್ಬೇಕಾ ಅಪ್ಪ?” ಎಂದು ಹುಡುಗಿ ಕೇಳಿದಳು. “ನೋಡ್ಬೇಕಮ್ಮ” ಎಂದರು.

ಆ ಗಾಡಿ ಮುಂದಿನ ವಾರ ಗುಜರಿಗೆ ಹೋಗಲಿಲ್ಲ. ಹೊಗೆ ತಪಾಸಣೆಗೆ ಹೋಗಿ, ಚೀಟಿ ಪಡೆದು ಬಂದಿತು. 2028ರಲ್ಲಿ ಏನಾಗುವುದೋ ಆಗ ನೋಡಿದರಾಯಿತು. ಹಳೆಯ ಗಾಡಿಯುಳ್ಳ ಸಂಸಾರಗಳು ಇದರಿಂದ ಕಲಿಯುವುದು ಇಷ್ಟೆ: ಸದ್ದು ಹೆಚ್ಚಿದರೆ ಅದನ್ನು ಸದ್ದೆಂದಷ್ಟೇ ತಿಳಿಯಬಾರದು, ಮುಚ್ಚಿದ ಗಾಡಿಯಲ್ಲಿ ಮಕ್ಕಳು ತಲೆನೋವೆಂದರೆ ಮೊದಲು ಗಾಜು ಇಳಿಸಿ, ಗಾಡಿ ನಿಲ್ಲಿಸಿ, ಅವರನ್ನು ಹೊರಗೆ ಕರೆತರಬೇಕು. ಇನ್ನು ಬಾಶೆಟ್ಟಿಹಳ್ಳಿ. ಘಾಟಿಗೆ ಹೋಗುವವರು ಒಮ್ಮೆ ಅಲ್ಲಿಯೂ ಇಳಿದು, ಒಂದು ಲೋಟ ಚಹ ಕುಡಿದು, ನಾಲ್ಕು ಮಾತನಾಡಿ ಮುಂದೆ ಹೋಗಬಹುದು. ಅದಕ್ಕಾಗಿ ಗಾಡಿ ಕೆಡಲೇಬೇಕೆಂದೇನೂ ಇಲ್ಲ.